ಒಂದು ಟೇಬಲ್‌ನಲ್ಲಿ ಎಷ್ಟು ಕಾಲಂ ಇರಬೇಕು?

ಪ್ರಶ್ನೆ: ಹಳ್ಳಿಗಳ ಹಾಲು ಉತ್ಪಾದಕರ ಸಂಘಗಳಿಗೆ ಒಂದು ಸಾಫ್ಟ್‌ವೇರ್ ಮಾಡುತ್ತಿದ್ದೇನೆ. ಹಾಲು ಹಾಕಿಸಿಕೊಳ್ಳುವ ಸ್ಕ್ರೀನ್‌ನಲ್ಲಿ ದೊಡ್ಡದೊಂದು ಟೇಬಲ್ ಇದೆ. ಅದರಲ್ಲಿ 13 ಕಾಲಂ: ಕ್ರಮ ಸಂಖ್ಯೆ, ದಿನಾಂಕ, ಬೆಳಗ್ಗೆಯೋ ಸಂಜೆಯೋ, ಸದಸ್ಯರ ನಂಬರ್, ಹೆಸರು, ಹಸುವೋ ಎಮ್ಮೆಯೋ, ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ದರ, ಮೊತ್ತ, ಬ್ಯಾಂಕ್ ಖಾತೆ, ಮೊಬೈಲ್. ಕಾರ್ಯದರ್ಶಿಗಳು "ಕಣ್ಣಿಗೆ ಏನೂ ಸಿಗಲ್ಲ" ಅನ್ನುತ್ತಾರೆ. ಹೆಸರು ಅರ್ಧಕ್ಕೇ ತುಂಡಾಗುತ್ತದೆ. ಹೆಸರಿನ ಮೇಲೆ ಸಾರ್ಟ್ ಮಾಡಿದರೆ ಅಕ್ಷರಮಾಲೆಯ ಹಾಗೆ ಬರುತ್ತಿಲ್ಲ. ನಮ್ಮ ಡಿಸೈನರ್ ಟೇಬಲ್ ತೆಗೆದು ಕಾರ್ಡ್ (ಒಬ್ಬೊಬ್ಬರ ವಿವರಕ್ಕೂ ಒಂದೊಂದು ಚೌಕಟ್ಟು) ಹಾಕೋಣ, ಮೊಬೈಲ್‌ಗೂ ಅದೇ ಆಗುತ್ತದೆ ಅನ್ನುತ್ತಿದ್ದಾರೆ. ಒಂದು ಟೇಬಲ್‌ನಲ್ಲಿ ಎಷ್ಟು ಕಾಲಂ ಇದ್ದರೆ ಸರಿ?

ಉತ್ತರ: ಮೊದಲು ಕಾರ್ಡಿನ ವಿಷಯ ಮುಗಿಸಿಬಿಡೋಣ. ಈ ಸ್ಕ್ರೀನ್‌ಗೆ ಕಾರ್ಡ್ ಬೇಡ.

ಸಂಘದ ಕಾರ್ಯದರ್ಶಿ ಬೆಳಗ್ಗೆ ಹೊತ್ತು ಏನು ನೋಡುತ್ತಾರೆ ಯೋಚಿಸಿ. ಎದುರಿಗೆ ಕ್ಯಾನ್ ಹಿಡಿದು ಜನ ನಿಂತಿದ್ದಾರೆ. ಒಬ್ಬೊಬ್ಬರ ಹಾಲೂ ಅಳತೆಗೆ ಹೋಗುತ್ತದೆ. ಮಷೀನಿನಲ್ಲಿ ಫ್ಯಾಟ್ ಬರುತ್ತದೆ, ಕೊಬ್ಬು ಬಿಟ್ಟು ಉಳಿದ ಘನಾಂಶ, ಅಂದರೆ ಎಸ್‌ಎನ್‌ಎಫ್ ಬರುತ್ತದೆ. ಅವರ ಕಣ್ಣು ಫ್ಯಾಟ್ ಕಾಲಂನಲ್ಲಿ ಮೇಲಿಂದ ಕೆಳಕ್ಕೆ ಹೋಗುತ್ತದೆ: 4.1, 4.0, 3.9, 4.2, 2.8. ಆ 2.8 ತಾನಾಗಿ ಎದ್ದು ಕಾಣುತ್ತದೆ. ಯಾರದು ಎಂದು ಆಮೇಲೆ ಅಡ್ಡಕ್ಕೆ ನೋಡಿದರೆ ಸಾಕು. ಅಂಕಿಗಳು ಒಂದರ ಕೆಳಗೊಂದು ನಿಂತಿದ್ದರೆ ಮಾತ್ರ ಹೀಗೆ ಆಗೋದು. ಅದೇ ಐದು ಅಂಕಿಗಳನ್ನು ಐದು ಕಾರ್ಡ್‌ಗಳಿಗೆ ಹಂಚಿ ನೋಡಿ. ಪ್ರತಿ ಕಾರ್ಡಿನಲ್ಲೂ "ಫ್ಯಾಟ್" ಎಂಬ ಪದ ಹುಡುಕಬೇಕು, ಅದರ ಪಕ್ಕದ ಅಂಕಿ ಓದಬೇಕು, ನೆನಪಿಟ್ಟುಕೊಳ್ಳಬೇಕು, ಮುಂದಿನ ಕಾರ್ಡಿಗೆ ಹೋಗಬೇಕು. ಕಣ್ಣು ಮಾಡುತ್ತಿದ್ದ ಕೆಲಸವನ್ನು ತಲೆಗೆ ಕೊಟ್ಟ ಹಾಗಾಯಿತು. ಒಬ್ಬ ಸದಸ್ಯರ ವಿವರ ಪೂರ್ತಿ ತೋರಿಸುವ ಪುಟಕ್ಕೆ ಕಾರ್ಡ್ ಚೆನ್ನಾಗಿರುತ್ತದೆ. ಇನ್ನೂರು ಜನರ ಹಾಲನ್ನು ಪಕ್ಕಪಕ್ಕ ಇಟ್ಟು ನೋಡೋಕೆ ಆಗಲ್ಲ.

ಟೇಬಲ್ ಮಾಡಬೇಕಾದ ಕೆಲಸ ಎರಡು. ಅಡ್ಡ ಓದಿದರೆ ಇದು ಯಾರದು ಎಂದು ತಿಳಿಯಬೇಕು. ಕೆಳಕ್ಕೆ ಓದಿದರೆ ಯಾವುದು ಜಾಸ್ತಿ, ಯಾವುದು ಕಮ್ಮಿ ಎಂದು ತಿಳಿಯಬೇಕು. ಹಾಗಾಗಿ ಎಷ್ಟು ಕಾಲಂ ಅಂತ ಕೇಳಿದರೆ ನಾನು ಒಂದು ಸಂಖ್ಯೆ ಹೇಳಲ್ಲ. ಪ್ರತಿ ಕಾಲಂಗೂ ಈ ಪ್ರಶ್ನೆ ಕೇಳಿ: ಇದನ್ನು ಯಾರಾದರೂ ಮೇಲಿಂದ ಕೆಳಕ್ಕೆ ಓದುತ್ತಾರಾ? ಇದರಲ್ಲಿ ಹುಡುಕುತ್ತಾರಾ, ಹೋಲಿಸುತ್ತಾರಾ, ಕೂಡುತ್ತಾರಾ? ಮೂರರಲ್ಲಿ ಒಂದೂ ಇಲ್ಲದಿದ್ದರೆ ಆ ಕಾಲಂ ಬೇರೆ ಕಡೆ ಇರಬೇಕಾದದ್ದು.

ನಿಮ್ಮ 13 ಕಾಲಂಗಳಿಗೆ ಈ ಪ್ರಶ್ನೆ ಕೇಳೋಣ. ದಿನಾಂಕ ಎಲ್ಲ ಸಾಲಿನಲ್ಲೂ ಒಂದೇ. ಬೆಳಗ್ಗೆ, ಸಂಜೆ ಅನ್ನುವುದೂ ಅಷ್ಟೇ. ಇನ್ನೂರು ಸಲ ಒಂದೇ ಮಾತು ಬರೆಯುವುದು ಯಾಕೆ? ಎರಡನ್ನೂ ಟೇಬಲ್‌ನ ತಲೆಬರಹಕ್ಕೆ ಕಳಿಸಿ, ದೊಡ್ಡದಾಗಿ ಬರೆಯಿರಿ. ಸಂಜೆ ಹಾಲನ್ನು ಬೆಳಗ್ಗೆಯ ಲೆಕ್ಕಕ್ಕೆ ಹಾಕುವ ತಪ್ಪೂ ಅದರಿಂದ ಕಮ್ಮಿಯಾಗುತ್ತದೆ. ಬ್ಯಾಂಕ್ ಖಾತೆ, ಮೊಬೈಲ್ ಎರಡೂ ಸದಸ್ಯರಿಗೆ ಸೇರಿದ್ದು, ಇವತ್ತಿನ ಹಾಲಿಗಲ್ಲ. ಹೆಸರಿನ ಮೇಲೆ ಒತ್ತಿದರೆ ತೆರೆಯುವ ಪುಟದಲ್ಲಿ ಇರಲಿ. ಸರದಿಯಲ್ಲಿ ನಿಂತ ಎಲ್ಲರಿಗೂ ಎಲ್ಲರ ಖಾತೆ ನಂಬರ್ ಕಾಣುವುದು ಒಳ್ಳೆಯದೂ ಅಲ್ಲ. ಸದಸ್ಯರ ನಂಬರ್ ಇರುವಾಗ ಕ್ರಮ ಸಂಖ್ಯೆ ಬೇಡ. ಎರಡು ನಂಬರ್ ಪಕ್ಕಪಕ್ಕ ಇದ್ದರೆ ಗಡಿಬಿಡಿಯಲ್ಲಿ ಒಂದನ್ನು ಇನ್ನೊಂದು ಅಂದುಕೊಳ್ಳುತ್ತಾರೆ. ಹೆಚ್ಚಿನವರು ಹಸುವಿನ ಹಾಲೇ ಹಾಕುವ ಊರಾದರೆ ಎಮ್ಮೆ ಹಾಲು ಬಂದಾಗ ಮಾತ್ರ ಹೆಸರಿನ ಪಕ್ಕ "ಎಮ್ಮೆ" ಎಂದು ಚಿಕ್ಕದಾಗಿ ಬರೆದರೆ ಆಯಿತು.

ಉಳಿದದ್ದು 7: ಸದಸ್ಯರ ನಂಬರ್, ಹೆಸರು, ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ದರ, ಮೊತ್ತ. ಇಷ್ಟಕ್ಕೇ ನಿಲ್ಲಿಸಬೇಡಿ. ಒಂದು ಕಾಲಂ ಸೇರಿಸಬೇಕು ಅಂತ ನನಗೆ ಅನ್ನಿಸುತ್ತದೆ. ಸಂಘದ ಮುಂದೆ ಜಗಳ ಯಾವುದಕ್ಕೆ ಆಗುತ್ತದೆ? "ನಿನ್ನೆ 4.2 ಬಂದಿತ್ತು, ಇವತ್ತು 3.6 ಹೇಗೆ ಬಂತು?" ಅನ್ನೋದಕ್ಕೆ. ಆ ಪ್ರಶ್ನೆಗೆ ಉತ್ತರ ಬೇಕಾದರೆ ಈಗ ಇನ್ನೊಂದು ಸ್ಕ್ರೀನ್ ತೆರೆಯಬೇಕು. ಫ್ಯಾಟ್ ಪಕ್ಕದಲ್ಲೇ "ನಿನ್ನೆ" ಎಂಬ ಕಾಲಂ ಇಡಿ. ನಿನ್ನೆ ಇದೇ ಹೊತ್ತಿನ ಫ್ಯಾಟ್, ಸ್ವಲ್ಪ ಮಂಕಾದ ಬಣ್ಣದಲ್ಲಿ. ಬೆಳಗ್ಗೆಯದಕ್ಕೆ ಬೆಳಗ್ಗೆಯದು, ಸಂಜೆಯದಕ್ಕೆ ಸಂಜೆಯದು, ಯಾಕೆಂದರೆ ಎರಡು ಹೊತ್ತಿನ ಹಾಲು ಒಂದೇ ಥರ ಇರುವುದಿಲ್ಲ. ಅಲ್ಲಿಗೆ 8 ಕಾಲಂ. ಈ 8 ನಿಮ್ಮ 13ಕ್ಕಿಂತ ಜಾಸ್ತಿ ಕೆಲಸ ಮಾಡುತ್ತವೆ.

ಇಲ್ಲಿ ಇನ್ನೊಂದು ಗೊಂದಲ ಬಿಡಿಸಬೇಕು. ನೋಡೋಕೆ ಟೇಬಲ್ ಥರ ಇರುವ ಮೂರು ಬೇರೆ ಬೇರೆ ವಸ್ತುಗಳಿವೆ. 1979ರಲ್ಲಿ ಆಪಲ್ 2 ಕಂಪ್ಯೂಟರಿಗೆ ಬಂದ ವಿಸಿಕ್ಯಾಲ್ಕ್ ಒಂದು ಬಗೆ. ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಮಾಡಿದ್ದು. ಅದರಲ್ಲಿ ಒಂದೊಂದು ಚೌಕವೂ ಸ್ವತಂತ್ರ. ಎಲ್ಲಿ ಬೇಕಾದರೂ ಹೋಗಿ ಬರೆಯಬಹುದು. ಇವತ್ತಿನ ಎಕ್ಸೆಲ್ ಅದೇ ವಂಶದ್ದು. ಇನ್ನೊಂದು ಬಗೆ ಫೈಲುಗಳ ಪಟ್ಟಿ. 1984ರ ಮ್ಯಾಕಿಂಟಾಷ್‌ನಲ್ಲಿ ಫೈಲುಗಳನ್ನು ಹೆಸರು, ದಿನಾಂಕ, ಗಾತ್ರದ ಪ್ರಕಾರ ಜೋಡಿಸಿ ನೋಡಬಹುದಿತ್ತು. ವಿಂಡೋಸ್ 95 ಬಂದಾಗ ಆ ಪಟ್ಟಿಗೆ "ಡೀಟೇಲ್ಸ್" ಎಂಬ ನೋಟ ಬಂತು. ಇದರಲ್ಲಿ ಪೂರ್ತಿ ಸಾಲೇ ಒಂದು ವಸ್ತು. ಒಂದು ಸಾಲು ಅಂದರೆ ಒಂದು ಫೈಲ್. ಅದೇ ವಿಂಡೋಸ್‌ನಲ್ಲಿ "ಲಿಸ್ಟ್" ಅಂತ ಮತ್ತೊಂದು ನೋಟವೂ ಇತ್ತು. ಬರೀ ಹೆಸರುಗಳು ಒಂದು ಕಾಲಂ ತುಂಬಿದ ಮೇಲೆ ಪಕ್ಕದ ಕಾಲಂಗೆ ಹರಿಯುತ್ತಿದ್ದವು. ಅಲ್ಲಿ ಕಾಲಂಗೆ ಅರ್ಥವೇ ಇಲ್ಲ, ಜಾಗ ಉಳಿಸೋಕೆ ಮಾಡಿದ್ದು ಅಷ್ಟೇ.

ನಿಮ್ಮ ಹಾಲಿನ ಟೇಬಲ್ ಎರಡನೇ ಬಗೆಯದು. ಒಂದು ಸಾಲು ಅಂದರೆ ಒಬ್ಬರು ಒಂದು ಹೊತ್ತಿಗೆ ಹಾಕಿದ ಹಾಲು. ಅದನ್ನು ಎಕ್ಸೆಲ್ ಥರ ಎಲ್ಲ ಚೌಕದಲ್ಲೂ ಬರೆಯುವ ಹಾಗೆ ಬಿಟ್ಟರೆ ಅಪಾಯ. ಕೈ ತಪ್ಪಿ ಮೇಲಿನ ಸಾಲಿನ ಫ್ಯಾಟ್ ಬದಲಾದರೂ ಯಾರಿಗೂ ಗೊತ್ತಾಗಲ್ಲ. ಬರೆಯುವ ಜಾಗ ಬೇರೆ ಇರಲಿ: ಮೇಲೆ ಒಂದೇ ಸಾಲು. ಸದಸ್ಯರ ನಂಬರ್ ಹೊಡೆದು ಎಂಟರ್ ಒತ್ತಿದರೆ ಹೆಸರು ಬರಬೇಕು, ಲೀಟರಿಗೆ ಹೋಗಬೇಕು, ಫ್ಯಾಟ್‌ಗೆ ಹೋಗಬೇಕು, ಕೊನೆಯ ಎಂಟರ್‌ಗೆ ಚೀಟಿ ಪ್ರಿಂಟ್ ಆಗಿ ಸಾಲು ಕೆಳಗಿನ ಪಟ್ಟಿಗೆ ಸೇರಬೇಕು. ಮೌಸ್ ಮುಟ್ಟುವ ಹಾಗೆ ಇರಬಾರದು. ಹಳೆಯ ಸಾಲು ತಿದ್ದಬೇಕಾದರೆ ಅದನ್ನು ಆರಿಸಿ "ತಿದ್ದು" ಎಂದು ಒತ್ತಬೇಕು. ಆ ಒಂದು ಹೆಜ್ಜೆ ಜಾಸ್ತಿ ಇರುವುದೇ ಒಳ್ಳೆಯದು.

ಹೊಸ ಸಾಲು ಪಟ್ಟಿಯ ಮೇಲ್ತುದಿಗೆ ಸೇರಲಿ. ಇದೀಗ ಹಾಕಿದ್ದು ಕಣ್ಣ ಮುಂದೆ ಇರುತ್ತದೆ. ಆದರೆ ಯಾರಾದರೂ ಕೆಳಗೆ ಸ್ಕ್ರೋಲ್ ಮಾಡಿ ಒಂದು ಸಾಲನ್ನು ನೋಡುತ್ತಿರುವಾಗ ಪಟ್ಟಿ ಅಲ್ಲಾಡಬಾರದು. ಒತ್ತಲು ಹೋದ ಸಾಲು ಬೆರಳಿನ ಕೆಳಗಿಂದ ಜಾರಿ, ಬೇರೆಯವರ ಸಾಲು ಒತ್ತಿಹೋದರೆ ದುಡ್ಡಿನ ಲೆಕ್ಕವೇ ತಪ್ಪುತ್ತದೆ.

ಈಗ ಹೆಸರಿನ ಕಥೆ. ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇದೇ. ಹಳ್ಳಿಯ ಪಟ್ಟಿಯಲ್ಲಿ ಹೆಸರು ಹೇಗಿರುತ್ತದೆ? "ಲಕ್ಷ್ಮಮ್ಮ ಕೋಂ ಲೇಟ್ ಸಿದ್ದೇಗೌಡ", "ಲಕ್ಷ್ಮಮ್ಮ ಕೋಂ ಲೇಟ್ ನಂಜಪ್ಪ", "ಲಕ್ಷ್ಮಮ್ಮ ಕೋಂ ಲೇಟ್ ಬೋರಯ್ಯ". ಇಂಗ್ಲಿಷ್ ಹೆಸರಿನ ಅಳತೆಗೆ ಮಾಡಿದ ಕಾಲಂನಲ್ಲಿ ಮೂವರೂ "ಲಕ್ಷ್ಮಮ್ಮ ಕೋಂ ಲೇ…" ಆಗುತ್ತಾರೆ. ಯಾರು ಯಾರು ಎಂದು ಹೇಳುವ ಭಾಗವೇ ಕತ್ತರಿಸಿ ಹೋಯಿತು. ಹೆಸರನ್ನು ಎರಡು ಸಾಲಾಗಿ ಬರೆಯಿರಿ. ಮೇಲೆ "ಲಕ್ಷ್ಮಮ್ಮ" ದಪ್ಪಕ್ಷರದಲ್ಲಿ, ಕೆಳಗೆ "ಕೋಂ ಲೇಟ್ ಸಿದ್ದೇಗೌಡ" ಸ್ವಲ್ಪ ಚಿಕ್ಕದಾಗಿ. ಸಾಲು ಎತ್ತರವಾಗುತ್ತದೆ, ಒಂದು ಸ್ಕ್ರೀನ್‌ನಲ್ಲಿ ಕಾಣುವ ಸಾಲು ಕಮ್ಮಿಯಾಗುತ್ತದೆ. ಪರವಾಗಿಲ್ಲ. 5 ಕಾಲಂ ಕಮ್ಮಿಯಾದ ಮೇಲೆ ಅಡ್ಡಕ್ಕೆ ಜಾಗವೂ ಸಿಕ್ಕಿದೆ, ಹೆಸರಿಗೆ ಧಾರಾಳವಾಗಿ ಕೊಡಿ. ಮೌಸ್ ಮೇಲಿಟ್ಟರೆ ಪೂರ್ತಿ ಹೆಸರು ಕಾಣುತ್ತದೆ ಅನ್ನುವ ಪರಿಹಾರ ಇಲ್ಲಿ ನಡೆಯಲ್ಲ. ಮೂವರಲ್ಲಿ ಯಾರು ಎಂದು ಗೊತ್ತಾಗೋಕೆ ಮೂರು ಸಲ ಮೌಸ್ ಇಡಬೇಕಾ?

ಕೋಡ್‌ನಲ್ಲಿ ಹೆಸರನ್ನು ಅಕ್ಷರ ಎಣಿಸಿ ಕತ್ತರಿಸುವ ಸಾಲು ಇದ್ದರೆ ಇವತ್ತೇ ತೆಗೆಯಿರಿ. "ಲಕ್ಷ್ಮಮ್ಮ" ನಮ್ಮ ಕಣ್ಣಿಗೆ ಮೂರು ಅಕ್ಷರ: ಲ, ಕ್ಷ್ಮ, ಮ್ಮ. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ಅದು 9 ಸಂಕೇತ. ಒತ್ತಕ್ಷರಕ್ಕೆ ಮೊದಲು ಬರುವ ಹಲಂತದ ಗುರುತೂ ಒಂದು ಸಂಕೇತವೇ. ಐದಕ್ಕೆ ಕತ್ತರಿಸಿದರೆ "ಲಕ್ಷ್" ಎಂದು ನಿಲ್ಲುತ್ತದೆ. ಅದು ಯಾರ ಹೆಸರೂ ಅಲ್ಲ. ಕಾಲಂ ಅಗಲವನ್ನು ಪಿಕ್ಸೆಲ್‌ನಲ್ಲಿ ಅಳೆಯಿರಿ, ನಿಜವಾದ ಸದಸ್ಯರ ಪಟ್ಟಿ ಹಾಕಿ ಅಳೆಯಿರಿ. "ಟೆಸ್ಟ್ 1", "ಟೆಸ್ಟ್ 2" ಎಂಬ ಹೆಸರು ಹಾಕಿ ನೋಡಿದ ಟೇಬಲ್ ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ.

ಸಾಲಿನ ಎತ್ತರವೂ ಅಷ್ಟೇ. ಸಿದ್ಧ ಟೇಬಲ್ ಲೈಬ್ರರಿಗಳಲ್ಲಿ ಸಾಲಿನ ಎತ್ತರವನ್ನು ಇಂಗ್ಲಿಷ್ ಅಕ್ಷರಕ್ಕೆ ಸರಿಯಾಗಿ ಇಟ್ಟಿರುತ್ತಾರೆ. "ಕ್ಷ್ಮ" ಬಂದಾಗ ಕೆಳಗಿನ ಒತ್ತು ತುಂಡಾಗುತ್ತದೆ. ಫಾಂಟ್ ಅಳತೆಯ ಒಂದೂವರೆ ಪಟ್ಟು ಎತ್ತರದಿಂದ ಶುರು ಮಾಡಿ. "ಸ್ತ್ರೀ", "ಲಕ್ಷ್ಮೀ", "ರಾಷ್ಟ್ರ" ಹಾಕಿ ನೋಡಿ. ಒತ್ತು ಪೂರ್ತಿ ಕಂಡರೆ ಸರಿ, ಇಲ್ಲದಿದ್ದರೆ ಇನ್ನೂ ಬಿಡಿ. ಕಾಲಂ ತಲೆಬರಹ ಉದ್ದವಾದರೆ ಎರಡು ಸಾಲು ಮಾಡಿ. ಜಾಗ ಉಳಿಸೋಕೆ ಕನ್ನಡವನ್ನು ಅಡ್ಡ ತಿರುಗಿಸಿ ನಿಲ್ಲಿಸಬೇಡಿ, ಓದೋಕೆ ಕುತ್ತಿಗೆ ತಿರುಗಿಸಬೇಕಾಗುತ್ತದೆ.

ಅಂಕಿಗಳಿಗೆ ಬರೋಣ. ಲೀಟರ್ ಕಾಲಂನಲ್ಲಿ 12.5, 4, 6.25 ಎಂದು ಎಡಕ್ಕೆ ಅಂಟಿಸಿ ಬರೆದರೆ 4 ದೊಡ್ಡದೋ 12.5 ದೊಡ್ಡದೋ ಎಂದು ಕಣ್ಣಿಗೆ ತಿಳಿಯಲ್ಲ, ಓದಬೇಕು. 12.50, 4.00, 6.25 ಎಂದು ಬಲಕ್ಕೆ ಒತ್ತಿ ಬರೆದರೆ ಚುಕ್ಕಿಯ ಕೆಳಗೆ ಚುಕ್ಕಿ ಬರುತ್ತದೆ, ದೊಡ್ಡ ಅಂಕಿ ಎಡಕ್ಕೆ ಚಾಚಿ ಕಾಣುತ್ತದೆ. ಒಂದು ಕಾಲಂನಲ್ಲಿ ಚುಕ್ಕಿಯ ನಂತರ ಎಷ್ಟು ಅಂಕಿ ಎಂದು ತೀರ್ಮಾನ ಮಾಡಿದ ಮೇಲೆ ಎಲ್ಲ ಸಾಲಿಗೂ ಅದೇ. ಕೆಲವು ಫಾಂಟ್‌ಗಳಲ್ಲಿ 1 ಸಣಕಲಾಗಿರುತ್ತದೆ, 8 ಅಗಲವಾಗಿರುತ್ತದೆ. ಆಗ ಬಲಕ್ಕೆ ಒತ್ತಿದರೂ ಸಾಲು ಕೂಡಲ್ಲ. ಪುಟದ ರೂಪ ಹೇಳುವ ಸಿಎಸ್‌ಎಸ್‌ನಲ್ಲಿ ಫಾಂಟ್-ವೇರಿಯಂಟ್-ನ್ಯೂಮೆರಿಕ್ ಎಂಬಲ್ಲಿ ಟ್ಯಾಬ್ಯುಲರ್-ನಮ್ಸ್ ಎಂದು ಕೊಡಿ. ಫಾಂಟ್‌ನಲ್ಲಿ ಆ ಸೌಲಭ್ಯ ಇದ್ದರೆ ಎಲ್ಲ ಅಂಕಿಗಳೂ ಒಂದೇ ಅಗಲಕ್ಕೆ ಬರುತ್ತವೆ. ರೂಪಾಯಿ ಗುರುತು ಕಾಲಂ ತಲೆಯಲ್ಲಿ ಒಂದು ಸಲ ಇದ್ದರೆ ಸಾಕು. ಮೊತ್ತ 1,84,250 ಎಂದು ನಮ್ಮ ಲಕ್ಷದ ಲೆಕ್ಕದಲ್ಲಿ ಬರಲಿ. 184,250 ಎಂದು ಬಂದರೆ ಒಂದು ಕ್ಷಣ ನಿಂತು ಎಣಿಸಬೇಕಾಗುತ್ತದೆ. ಕಾಲಂ ತಲೆಬರಹವೂ ಅದರ ಕೆಳಗಿನ ಅಂಕಿಯ ಹಾಗೆ ಬಲಕ್ಕೇ ಇರಲಿ. ಇಷ್ಟು ಸರಿಯಾದರೆ ಕಾಲಂಗಳ ನಡುವೆ ಉದ್ದ ಗೆರೆ ಎಳೆಯುವ ಅಗತ್ಯವೇ ಬೀಳಲ್ಲ. ಸಾಲುಗಳ ನಡುವೆ ತೆಳುವಾದ ಅಡ್ಡಗೆರೆ ಸಾಕು.

ಖಾಲಿ ಚೌಕ ಮತ್ತು ಸೊನ್ನೆ ಬೇರೆ ಬೇರೆ ಎಂಬುದನ್ನು ತುಂಬಾ ಜನ ಮರೆಯುತ್ತಾರೆ. ಒಬ್ಬರು ಇವತ್ತು ಹಾಲು ತಂದೇ ಇಲ್ಲ. ಇನ್ನೊಬ್ಬರು ತಂದರು, ಒಡೆದಿತ್ತು ಎಂದು ವಾಪಸ್ ಕಳಿಸಿದಿರಿ. ಮತ್ತೊಬ್ಬರದು ತೆಗೆದುಕೊಂಡಿರಿ, ಆದರೆ ಮಷೀನ್ ಓದಲಿಲ್ಲ. ಮೂರನ್ನೂ 0.0 ಎಂದು ತೋರಿಸಿದರೆ ವಾರದ ಬಟವಾಡೆ ಹೊತ್ತಿಗೆ ಯಾರಿಗೂ ನೆನಪಿರಲ್ಲ. ತಂದಿಲ್ಲದಿದ್ದರೆ ಗೀಟು, ವಾಪಸ್ ಆದರೆ "ವಾಪಸ್" ಎಂಬ ಪದ, ಅಳತೆ ಬಾಕಿ ಇದ್ದರೆ "ಬಾಕಿ". ಬಣ್ಣ ಹಚ್ಚುವುದಾದರೆ ಪದದ ಜೊತೆಗೆ ಹಚ್ಚಿ, ಬರೀ ಬಣ್ಣವನ್ನೇ ನಂಬಬೇಡಿ. ಸಂಘದಲ್ಲಿ ಪ್ರಿಂಟ್ ಆಗುವುದು ಕಪ್ಪು ಬಿಳುಪಿನಲ್ಲಿ. ಕೆಂಪು ಹಸಿರು ಬೇರೆ ಮಾಡಲಾಗದ ಕಣ್ಣಿನವರೂ ಇರುತ್ತಾರೆ.

ಟೇಬಲ್‌ನ ಕೊನೆಯಲ್ಲಿ ಒಟ್ಟು ತೋರಿಸುತ್ತೀರಿ ಅಲ್ವಾ? ಲೀಟರ್ ಕೂಡಬಹುದು, ಮೊತ್ತ ಕೂಡಬಹುದು. ಫ್ಯಾಟ್ ಕೂಡೋಕೆ ಆಗಲ್ಲ, ಅದಕ್ಕೆ ಸರಾಸರಿ ಬೇಕು. ಇಲ್ಲಿ ತಪ್ಪು ಸುಲಭವಾಗಿ ನುಸುಳುತ್ತದೆ. ಒಬ್ಬರು 3.5 ಫ್ಯಾಟ್‌ನ 10 ಲೀಟರ್ ಹಾಕಿದರು, ಇನ್ನೊಬ್ಬರು 5.0 ಫ್ಯಾಟ್‌ನ 2 ಲೀಟರ್ ಹಾಕಿದರು ಅನ್ನಿ. ಎರಡು ಅಂಕಿ ಕೂಡಿ ಎರಡರಿಂದ ಭಾಗಿಸಿದರೆ 4.25. ಆದರೆ ಕ್ಯಾನಿಗೆ ಸುರಿದ ಹಾಲು 4.25 ಇರಲ್ಲ. 10ನ್ನು 3.5ರಿಂದ, 2ನ್ನು 5ರಿಂದ ಗುಣಿಸಿ, ಕೂಡಿ, 12ರಿಂದ ಭಾಗಿಸಿದರೆ 3.75 ಬರುತ್ತದೆ. ಹೆಚ್ಚು ಕಮ್ಮಿ ಇದೇ ಡೇರಿಯಲ್ಲೂ ಬರಬೇಕು. ಸ್ಕ್ರೀನ್‌ನಲ್ಲಿ 4.25 ಎಂದು ತೋರಿಸಿ, ಡೇರಿಯಿಂದ 3.75 ಎಂದು ಬಂದರೆ ಕಾರ್ಯದರ್ಶಿಯ ಮೇಲೆ ಅನುಮಾನ ಬರುತ್ತದೆ. ತಪ್ಪು ನಿಮ್ಮ ಟೇಬಲ್‌ನದು, ಮಾತು ಕೇಳುವವರು ಅವರು. ಇದನ್ನು ದಯವಿಟ್ಟು ಎಲ್ಲಕ್ಕಿಂತ ಮೊದಲು ನೋಡಿ. ಇನ್ನೊಂದು: ಯಾರಾದರೂ "ಎಮ್ಮೆ ಮಾತ್ರ" ಎಂದು ಸೋಸಿ ನೋಡುತ್ತಿದ್ದರೆ ಒಟ್ಟು ಅಷ್ಟಕ್ಕೋ, ಎಲ್ಲಕ್ಕೋ? "ಕಾಣುತ್ತಿರುವ 14 ಸಾಲಿನ ಒಟ್ಟು" ಎಂದು ಬರೆದೇ ತೋರಿಸಿ.

ಸಾರ್ಟ್ ವಿಷಯಕ್ಕೆ ನಿಮಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಯೂನಿಕೋಡ್‌ನಲ್ಲಿ ಕನ್ನಡದ "ಳ" ಕುಳಿತಿರುವುದು "ಲ" ಪಕ್ಕದಲ್ಲಿ, "ವ"ಗಿಂತ ಮೊದಲು. ನಾವು ಶಾಲೆಯಲ್ಲಿ ಕಲಿತದ್ದು ಯ ರ ಲ ವ ಶ ಷ ಸ ಹ ಳ. ಸಂಕೇತದ ಬೆಲೆಯನ್ನೇ ನೋಡಿ ಸಾರ್ಟ್ ಮಾಡುವ ಪ್ರೋಗ್ರಾಂ "ಕಾಳೇಗೌಡ, ಕಾವೇರಮ್ಮ, ಕಾಶಿನಾಥ" ಎಂದು ಜೋಡಿಸುತ್ತದೆ. ನಿಘಂಟು ನೋಡಿ ಅಭ್ಯಾಸ ಇರುವವರು ಕಾಳೇಗೌಡರನ್ನು ಕೊನೆಯಲ್ಲಿ ಹುಡುಕುತ್ತಾರೆ, ಸಿಗಲ್ಲ. ಜಾವಾಸ್ಕ್ರಿಪ್ಟ್‌ನಲ್ಲಿ ಭಾಷೆಯ ಅಕ್ಷರಕ್ರಮ ನೋಡಿ ಹೋಲಿಸುವ ಇಂಟ್ಲ್ ಕೊಲೇಟರ್ ಇದೆ. ಡೇಟಾಬೇಸ್‌ಗಳಲ್ಲೂ ಭಾಷೆಗೆ ತಕ್ಕ ಕೊಲೇಶನ್, ಅಂದರೆ ಜೋಡಣೆಯ ಕ್ರಮ, ಆರಿಸಬಹುದು. ಕನ್ನಡ ಎಂದು ಹೇಳಿ ಕೊಡಿ, ಕೊಟ್ಟ ಮೇಲೆ ಈ ಮೂರು ಹೆಸರು ಹಾಕಿ ಪರೀಕ್ಷೆ ಮಾಡಿ.

ಅದರಿಂದಲೂ ಸರಿಹೋಗದ ಒಂದೆರಡು ಇವೆ. ಇನಿಷಿಯಲ್ ಮೊದಲು ಬರೆದ ಹೆಸರುಗಳು ಇನಿಷಿಯಲ್ ಪ್ರಕಾರ ಜೋಡಣೆಯಾಗುತ್ತವೆ. ಒಬ್ಬರು "ಎಚ್.ಕೆ." ಎಂದು ಬರೆದಿರುತ್ತಾರೆ, ಇನ್ನೊಬ್ಬರು "ಹೆಚ್.ಕೆ." ಎಂದು. ಒಂದು ಪಟ್ಟಿಯ ತಲೆಯಲ್ಲಿ, ಇನ್ನೊಂದು ಬಾಲದಲ್ಲಿ. ಇನಿಷಿಯಲ್‌ಗೆ ಡೇಟಾಬೇಸ್‌ನಲ್ಲಿ ಬೇರೆ ಜಾಗ ಕೊಡಿ, ಹೆಸರಿನ ಮೇಲೆ ಸಾರ್ಟ್ ಮಾಡಿ. ಇನ್ನು "ಲೋಕೇಶ" ಎಂಬುದರ "ಲೋ" ಎರಡು ಥರ ಸೇವ್ ಆಗಿರಬಹುದು. "ೋ" ಒಂದೇ ಸಂಕೇತವಾಗಿಯೂ ಇರಬಹುದು, ಮೂರು ತುಂಡುಗಳಾಗಿಯೂ ಇರಬಹುದು. ಕಣ್ಣಿಗೆ ಒಂದೇ, ಹುಡುಕಾಟಕ್ಕೆ ಬೇರೆ. ಸೇವ್ ಮಾಡುವಾಗಲೇ ತುಂಡುಗಳನ್ನು ಒಂದೇ ಸಂಕೇತಕ್ಕೆ ಸೇರಿಸುವ ಎನ್‌ಎಫ್‌ಸಿ ರೂಪಕ್ಕೆ ತಂದುಬಿಡಿ. "ಸಿದ್ದೇಗೌಡ", "ಸಿದ್ಧೇಗೌಡ" ಸಮಸ್ಯೆಗೆ ಪೂರ್ತಿ ಮದ್ದಿಲ್ಲ. ಅದಕ್ಕೇ ಹುಡುಕುವ ಮುಖ್ಯ ದಾರಿ ಸದಸ್ಯರ ನಂಬರ್ ಆಗಿರಲಿ. ಊರಿನವರಿಗೆ ತಮ್ಮ ನಂಬರ್ ಬಾಯಿಪಾಠವೇ ಇರುತ್ತದೆ.

ದಿನಾಂಕವನ್ನು ಪಠ್ಯವಾಗಿ ಇಟ್ಟರೆ 01-12-2024 ಎಂಬುದು 02-01-2020ಕ್ಕಿಂತ ಮೊದಲು ಬರುತ್ತದೆ. ಒಳಗೆ ದಿನಾಂಕವಾಗಿಯೇ ಇಡಿ, ತೋರಿಸುವಾಗ ನಮ್ಮ ರೀತಿ ತೋರಿಸಿ. ಸದಸ್ಯರ ನಂಬರ್ ಪಠ್ಯವಾಗಿದ್ದರೆ 1, 10, 100, 2 ಎಂದು ಬರುತ್ತದೆ. ಇದೂ ಅದೇ ರೋಗ.

ಕಾಲಂ ತಲೆ ಒತ್ತಿದರೆ ಸಾರ್ಟ್ ಆಗಬೇಕು ಎಂಬುದು ಕಂಪ್ಯೂಟರ್ ಬಳಸುವ ಎಲ್ಲರಿಗೂ ರೂಢಿಯಾಗಿದೆ. ಯಾವ ಕಾಲಂ ಮೇಲೆ ಸಾರ್ಟ್ ಆಗಿದೆಯೋ ಅಲ್ಲಿ ಮಾತ್ರ ಬಾಣ ತೋರಿಸಿ. ಮೊದಲ ಸಲ ಒತ್ತಿದಾಗ ಯಾವ ಕಡೆಗೆ ಎಂಬುದನ್ನು ಕಾಲಂ ನೋಡಿ ತೀರ್ಮಾನ ಮಾಡಿ. ಹೆಸರಿಗೆ ಅ ಇಂದ, ಮೊತ್ತಕ್ಕೆ ದೊಡ್ಡದರಿಂದ. ಫ್ಯಾಟ್‌ಗೆ ಚಿಕ್ಕದರಿಂದ, ಯಾಕೆಂದರೆ ಫ್ಯಾಟ್ ಮೇಲೆ ಒತ್ತುವವರು ಹುಡುಕುವುದು ಕಮ್ಮಿ ಬಂದದ್ದನ್ನು. ಎರಡು ಸಾಲಿನ ಫ್ಯಾಟ್ ಒಂದೇ ಆದರೆ ಅವುಗಳ ಹಿಂದಿನ ಕ್ರಮ ಕೆಡಬಾರದು. ಜಾವಾಸ್ಕ್ರಿಪ್ಟ್‌ನ ಸಾರ್ಟ್ 2019ರ ನಿಯಮದಿಂದ ಈಚೆಗೆ ಹೀಗೆಯೇ ಇರಬೇಕು. ಹಾಗಾಗಿ ಮೊದಲು ಹೆಸರು, ಆಮೇಲೆ ಫ್ಯಾಟ್ ಒತ್ತಿದರೆ ಒಂದೇ ಫ್ಯಾಟ್‌ನವರು ಹೆಸರಿನ ಕ್ರಮದಲ್ಲಿ ಸಿಗುತ್ತಾರೆ.

ಇಪ್ಪತ್ತು ಇಪ್ಪತ್ತು ಸಾಲಿನ ಪುಟ ಮಾಡಿ "ಮುಂದೆ", "ಹಿಂದೆ" ಗುಂಡಿ ಇಡಬೇಡಿ. ಒಂದು ಸಂಘದ ಇನ್ನೂರು ಮುನ್ನೂರು ಸಾಲನ್ನು ಬ್ರೌಸರ್ ಸಲೀಸಾಗಿ ತೋರಿಸುತ್ತದೆ. ಸ್ಕ್ರೋಲ್ ಮಾಡುವಾಗ ಕಾಲಂ ತಲೆಬರಹ ಮೇಲೆ ಅಂಟಿಕೊಂಡಿರಲಿ. ಕಾಣುವ ಸಾಲನ್ನಷ್ಟೇ ಚಿತ್ರಿಸುವ ವರ್ಚುವಲ್ ಸ್ಕ್ರೋಲಿಂಗ್ ಕೂಡ ಇಲ್ಲಿ ಬೇಡ. ಹತ್ತಾರು ಸಾವಿರ ಸಾಲಿಗೆ ಅದು ಬೇಕು, ಆದರೆ ಅದರಲ್ಲಿ ಕಂಟ್ರೋಲ್ ಎಫ್ ಒತ್ತಿ ಹುಡುಕಿದರೆ ಕೆಳಗಿರುವ ಹೆಸರು ಸಿಗಲ್ಲ.

ಕಾಲಂಗಳ ಕ್ರಮವನ್ನು ಒಮ್ಮೆ ಇಟ್ಟ ಮೇಲೆ ಬದಲಾಯಿಸಬೇಡಿ. ನಮ್ಮ ಪಹಣಿ ನೋಡಿ. ಜಮೀನು ಯಾರ ಹೆಸರಲ್ಲಿದೆ ಎಂದರೆ "ಕಾಲಂ 9 ನೋಡಿ" ಅನ್ನುತ್ತಾರೆ. ಸಾಲ ಇದೆಯಾ ಎಂದರೆ "ಕಾಲಂ 11". ಪಹಣಿ ಕೈಬರಹದಿಂದ ಕಂಪ್ಯೂಟರಿಗೆ ಬಂದರೂ ಆ ನಂಬರ್‌ಗಳು ಹಾಗೇ ಉಳಿದವು. ತಲೆಬರಹ ಓದದೆ, ಜಾಗ ನೋಡಿಯೇ ರೈತರು, ವಕೀಲರು, ಬ್ಯಾಂಕಿನವರು ಮಾತಾಡುತ್ತಾರೆ. ನಿಮ್ಮ ಟೇಬಲ್ ಬಳಸುವವರೂ ಒಂದು ತಿಂಗಳಲ್ಲಿ ಹಾಗೆಯೇ ಆಗುತ್ತಾರೆ. ಮುಂದಿನ ಆವೃತ್ತಿಯಲ್ಲಿ ಅಂದಕ್ಕೆ ಎಂದು ಫ್ಯಾಟ್ ಮತ್ತು ಎಸ್‌ಎನ್‌ಎಫ್ ಅದಲು ಬದಲು ಮಾಡಿದರೆ ಅವರ ಕಣ್ಣು ಹಳೆಯ ಜಾಗಕ್ಕೇ ಹೋಗುತ್ತದೆ, ತಪ್ಪು ಅಂಕಿ ಓದುತ್ತದೆ. ಹೊಸ ಕಾಲಂ ಬಂದರೆ ಕೊನೆಗೆ ಸೇರಿಸಿ. ಬೇಕಾದ ಕಾಲಂ ಆರಿಸಿಕೊಳ್ಳುವ ಸೌಲಭ್ಯ ಕೊಡುವುದಾದರೆ ಪಕ್ಕದಲ್ಲೇ "ಮೊದಲಿನ ಹಾಗೆ ಮಾಡು" ಎಂಬ ಗುಂಡಿಯೂ ಇರಲಿ. ಸಂಘದ ಕಂಪ್ಯೂಟರ್ ಒಬ್ಬರದೇ ಅಲ್ಲ.

ಮೊಬೈಲ್‌ನಲ್ಲಿ 8 ಕಾಲಂ ಹಿಡಿಸಲ್ಲ, ಅದು ನಿಜ. ಅದಕ್ಕೆ ಅಕ್ಷರ ಚಿಕ್ಕದು ಮಾಡಬೇಡಿ. ಮೊಬೈಲ್ ಹಿಡಿದವರು ಯಾರು ಎಂದು ಕೇಳಿ. ಸದಸ್ಯರಾದರೆ ಅವರಿಗೆ ಬೇಕಿರುವುದು ಬೇರೆಯೇ ಟೇಬಲ್: ತಮ್ಮ ಹಾಲು, ದಿನ ದಿನದ್ದು. ದಿನಾಂಕ, ಲೀಟರ್, ಫ್ಯಾಟ್, ಮೊತ್ತ, ನಾಲ್ಕೇ ಕಾಲಂ. ಅಲ್ಲಿ ಹೆಸರೇ ಬೇಡ, ದಿನಾಂಕ ಬೇಕೇ ಬೇಕು. ಕಾರ್ಯದರ್ಶಿ ನೋಡುವುದಾದರೆ ನಂಬರ್ ಮತ್ತು ಹೆಸರು ಎಡಕ್ಕೆ ಅಂಟಿಕೊಂಡಿರಲಿ, ಉಳಿದದ್ದು ಬೆರಳಿನಿಂದ ಸರಿಸಿದರೆ ಸರಿಯಲಿ. ಬಲ ಅಂಚಿನ ಕಾಲಂ ಅರ್ಧ ಕಾಣುವ ಹಾಗಿದ್ದರೆ ಇನ್ನೂ ಇದೆ ಎಂದು ತಾನಾಗಿ ತಿಳಿಯುತ್ತದೆ.

ಇದನ್ನೆಲ್ಲ ಮಾಡುವಾಗ ಎಚ್‌ಟಿಎಂಎಲ್‌ನ ನಿಜವಾದ ಟೇಬಲ್ ಟ್ಯಾಗ್‌ಗಳನ್ನೇ ಬಳಸಿ, ಡಿವ್ ಎಂಬ ಬರೀ ಚೌಕಟ್ಟುಗಳನ್ನು ಜೋಡಿಸಿ ಟೇಬಲ್ ಥರ ಕಾಣಿಸಬೇಡಿ. ಕಣ್ಣು ಕಾಣದವರು ಸ್ಕ್ರೀನ್‌ನಲ್ಲಿ ಇರುವುದನ್ನು ಓದಿ ಹೇಳುವ ಎನ್‌ವಿಡಿಎ ಥರದ ಸ್ಕ್ರೀನ್ ರೀಡರ್ ಬಳಸುತ್ತಾರೆ. ಕಂಟ್ರೋಲ್ ಮತ್ತು ಆಲ್ಟ್ ಹಿಡಿದು ಬಾಣದ ಕೀ ಒತ್ತಿದರೆ ಅದು ಚೌಕದಿಂದ ಚೌಕಕ್ಕೆ ಹೋಗುತ್ತದೆ, ಕಾಲಂ ಬದಲಾದಾಗ ಅದರ ತಲೆಬರಹವನ್ನೂ ಹೇಳುತ್ತದೆ. ನಿಜವಾದ ಟೇಬಲ್ ಆಗಿದ್ದರೆ ಇದು ಪುಕ್ಕಟೆ ಸಿಗುತ್ತದೆ.

ಕೊನೆಗೆ ಎಕ್ಸೆಲ್. ನೀವು ಎಷ್ಟೇ ಒಳ್ಳೆಯ ಟೇಬಲ್ ಮಾಡಿದರೂ ಬಟವಾಡೆ ದಿನ ಅದು ಎಕ್ಸೆಲ್‌ಗೆ ಹೋಗುತ್ತದೆ. ಬ್ಯಾಂಕಿಗೆ ಕಳಿಸುವ ಪಟ್ಟಿ ಅಲ್ಲೇ ತಯಾರಾಗುವುದು. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿ ಮಾತ್ರ ನೆನಪಿಡುತ್ತದೆ. ಕೆಲವು ಬ್ಯಾಂಕ್‌ಗಳ ಖಾತೆ ನಂಬರ್ 16 ಅಂಕಿ. ಸಂಖ್ಯೆ ಎಂದು ಕಳಿಸಿದರೆ ಕೊನೆಯ ಅಂಕಿ ಸೊನ್ನೆಯಾಗುತ್ತದೆ, ಶುರುವಿನಲ್ಲಿ ಸೊನ್ನೆ ಇದ್ದರೆ ಹಾರಿಹೋಗುತ್ತದೆ. ಖಾತೆ ನಂಬರ್ ಕೂಡುವ ಅಂಕಿ ಅಲ್ಲವಲ್ಲ, ಅದನ್ನು ಪಠ್ಯವಾಗಿಯೇ ಕಳಿಸಿ. ಸಿಎಸ್‌ವಿ (ಕಾಲಂಗಳ ನಡುವೆ ಅಲ್ಪವಿರಾಮ ಹಾಕಿದ ಬರೀ ಪಠ್ಯದ ಫೈಲ್) ಬದಲು ನೇರ ಎಕ್ಸೆಲ್ ಫೈಲ್ ಕೊಟ್ಟರೆ ಆ ಕಾಲಂ ಪಠ್ಯ ಎಂದು ಫೈಲ್‌ನಲ್ಲೇ ಹೇಳಬಹುದು. ಸಿಎಸ್‌ವಿ ಕೊಡಲೇಬೇಕಾದರೆ ಒಂದು 16 ಅಂಕಿಯ ಖಾತೆ ಮತ್ತು ಸೊನ್ನೆಯಿಂದ ಶುರುವಾಗುವ ಒಂದು ಖಾತೆ ಹಾಕಿ, ಎಕ್ಸೆಲ್‌ನಲ್ಲಿ ತೆರೆದು, ಮತ್ತೆ ಸೇವ್ ಮಾಡಿ, ಎರಡೂ ನಂಬರ್ ಹಾಗೇ ಇವೆಯಾ ಎಂದು ನೋಡಿ.